ಸಿಗ್ನಲ್ ದಾಟುವ ಸೈಕಲ್ಲಿಗೆ ಕನ್ನಡಿ, ಲೈಟು, ಬೆಲ್: ಕೆಲಸಕ್ಕೆ ಬರುವುದು ಯಾವುದು, ಬರೀ ಅಲಂಕಾರ ಯಾವುದು

ಸೈಕಲ್ಲಿಗೆ ಹಾಕಿಸುವ ಸಾಮಾನುಗಳ ವಿಮರ್ಶೆ ಎಂದರೆ ಸಾಮಾನ್ಯವಾಗಿ ತೂಕ ಎಷ್ಟು, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ನೋಡೋಕೆ ಹೇಗಿದೆ ಅನ್ನುವಲ್ಲಿಗೆ ಮುಗಿಯುತ್ತದೆ. ಇಲ್ಲಿ ಬೇರೆ ಅಳತೆ ಇಟ್ಟುಕೊಂಡಿದ್ದೇವೆ. ಬೆಂಗಳೂರಿನಂಥ ಊರಿನಲ್ಲಿ ಕಾರು, ಬಸ್ಸು, ಆಟೋಗಳ ನಡುವೆ ಜಂಕ್ಷನ್ ದಾಟುವಾಗ ಆ ಸಾಮಾನು ಯಾವ ಉಪಕಾರ ಮಾಡುತ್ತದೆ? ನೇರ ರಸ್ತೆಯಲ್ಲಿ ಎಡಬದಿಯಲ್ಲೇ ಸಾಗುವವರಿಗೆ ಇವು ಯಾವುವೂ ಇಲ್ಲದಿದ್ದರೂ ಹೇಗೋ ನಡೆದುಹೋಗುತ್ತದೆ. ಸಿಗ್ನಲ್ ಹತ್ತಿರ ಬಂದಾಗ ಕಥೆ ಬದಲಾಗುತ್ತದೆ. ಹಿಂದಿನ ಕಾರಿನವರಿಗೆ ಈ ಸೈಕಲ್ ಯಾವ ಕಡೆ ಹೋಗುತ್ತದೆ ಅನ್ನುವುದು ಗೊತ್ತಾಗಬೇಕು, ಸೈಕಲ್ಲಿನವರಿಗೆ ಹಿಂದೆ ಏನು ಬರುತ್ತಿದೆ ಅನ್ನುವುದು ಗೊತ್ತಾಗಬೇಕು. ಅಂಗಡಿಗಳಲ್ಲಿ ಮುಂದೆ ನೇತುಹಾಕಿರುವ ಸಾಮಾನುಗಳಲ್ಲಿ ಅರ್ಧಕ್ಕರ್ಧ ಈ ಎರಡಕ್ಕೂ ಸಂಬಂಧವೇ ಇಲ್ಲದವು.

ಮೊದಲು ಕೊಳ್ಳಬೇಕಾದದ್ದು ಕನ್ನಡಿ. ಹೆಲ್ಮೆಟ್ ಇರಲೇಬೇಕು, ಅದರ ಚರ್ಚೆ ಇಲ್ಲಿಲ್ಲ. ಕನ್ನಡಿ ಯಾಕೆ ಅನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. ನೀವು ಗಂಟೆಗೆ 15 ಕಿ.ಮೀ. ವೇಗದಲ್ಲಿದ್ದೀರಿ, ಹಿಂದಿನ ಸ್ಕೂಟರ್ 40ರಲ್ಲಿ ಬರುತ್ತಿದೆ. ವ್ಯತ್ಯಾಸ 25 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. 35 ಮೀಟರ್ ಹಿಂದಿರುವ ಸ್ಕೂಟರ್ ಐದೇ ಸೆಕೆಂಡಿನಲ್ಲಿ ನಿಮ್ಮ ಪಕ್ಕದಲ್ಲಿರುತ್ತದೆ. ಬಲಕ್ಕೆ ತಿರುಗಲು ಎಡ ಲೇನಿನಿಂದ ಒಂದೊಂದೇ ಲೇನ್ ಸರಿಯಬೇಕಾದವರು ಜಂಕ್ಷನ್ನಿಗೆ 40 ಮೀಟರ್ ಇರುವಾಗಲೇ ಹಿಂದೆ ನೋಡಿ ಮುಗಿಸಿರಬೇಕು. ಕತ್ತು ತಿರುಗಿಸಿ ನೋಡಿದರೆ ಹ್ಯಾಂಡಲ್ ಆ ಕಡೆಗೇ ವಾಲುತ್ತದೆ, ಎದುರಿನ ಗುಂಡಿ ತಪ್ಪಿಹೋಗುತ್ತದೆ. ಕನ್ನಡಿ ಇದ್ದರೆ ಮೂರು ನಾಲ್ಕು ಸಲ ಕಣ್ಣು ಹಾಯಿಸಿ, ಸಂದು ಸಿಕ್ಕಾಗ ಮಾತ್ರ ಒಮ್ಮೆ ತಿರುಗಿ ನೋಡಿದರೆ ಆಯಿತು. ಆ ಒಂದು ನೋಟವನ್ನು ಮಾತ್ರ ಬಿಡುವ ಹಾಗಿಲ್ಲ. ಕನ್ನಡಿ ‘ಬೇಡ, ತಡಿ’ ಅನ್ನುವುದಕ್ಕೆ ಸಾಕು, ‘ಹೋಗು’ ಅನ್ನುವುದಕ್ಕೆ ಸಾಲದು.

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಜಾತಿ. ಹ್ಯಾಂಡಲ್ ಮೇಲೆ ಕ್ಲ್ಯಾಂಪ್ ಹಾಕಿ ಕಡ್ಡಿಯ ತುದಿಯಲ್ಲಿ ಕೂರಿಸುವುದು ಒಂದು, ಸುಮಾರು 200ರಿಂದ 400 ರೂಪಾಯಿ. ಹ್ಯಾಂಡಲ್ ಪೈಪಿನ ತೂತಿಗೆ ತುರುಕಿ ಬಿಗಿ ಮಾಡುವ ಬಾರ್-ಎಂಡ್ ಕನ್ನಡಿ ಇನ್ನೊಂದು, ಅದಕ್ಕೆ ಸ್ವಲ್ಪ ಹೆಚ್ಚು ಬೆಲೆ. ಹೆಲ್ಮೆಟ್ಟಿಗೆ ಅಂಟಿಸುವ ಚಿಕ್ಕ ಕನ್ನಡಿ ಮೂರನೆಯದು. ನಗರದ ಓಡಾಟಕ್ಕೆ ಬಾರ್-ಎಂಡ್ ಕನ್ನಡಿಯೇ ಸರಿ ಅನ್ನುವುದು ನಮ್ಮ ಅಭಿಪ್ರಾಯ. ಕಡ್ಡಿಯ ಮೇಲಿನ ಕನ್ನಡಿ ಕಾಂಕ್ರೀಟ್ ರಸ್ತೆಯಲ್ಲಿ ಪರವಾಗಿಲ್ಲ, ಕಿತ್ತುಹೋದ ಟಾರಿನ ಮೇಲೆ ಅದರಲ್ಲಿ ಹಿಂದಿನ ಬಸ್ಸು ಕೆಂಪು ಮಸುಕಿನ ಹಾಗೆ ಮಾತ್ರ ಕಾಣುತ್ತದೆ. ಕಡ್ಡಿ ಉದ್ದವಾದಷ್ಟೂ ನಡುಕ ಜಾಸ್ತಿ. ಹೆಲ್ಮೆಟ್ ಕನ್ನಡಿ ತಲೆಯ ಜೊತೆ ತಿರುಗುವುದರಿಂದ ನೋಟ ವಿಶಾಲ, ಆದರೆ ಅಭ್ಯಾಸ ಆಗಲು ಕೆಲವು ದಿನ ಬೇಕು. ಮಳೆಯಲ್ಲಿ ಒಂದು ಹನಿ ಬಿದ್ದರೆ ಆ ಚಿಕ್ಕ ಗಾಜು ಪೂರ್ತಿ ಕುರುಡು.

ಗಾಜು ಸಪಾಟೋ ಉಬ್ಬೋ ಅನ್ನುವುದನ್ನು ಪ್ಯಾಕೆಟ್ ಮೇಲೆ ಹುಡುಕಿ ಓದಿ. 5 ಸೆಂ.ಮೀ. ಅಗಲದ ಸಪಾಟು ಕನ್ನಡಿಯಲ್ಲಿ 20 ಮೀಟರ್ ಹಿಂದೆ ಹೆಚ್ಚೆಂದರೆ ಒಂದು ಲೇನಿನಷ್ಟು ಅಗಲ ಕಾಣುತ್ತದೆ. ಅಂತರ ಸರಿಯಾಗಿ ತಿಳಿಯುತ್ತದೆ, ಆದರೆ ಬಲ ಲೇನಿನಿಂದ ನುಗ್ಗಿ ಬರುವವನು ತಪ್ಪಿಹೋಗುತ್ತಾನೆ. ಉಬ್ಬುಗನ್ನಡಿಯಲ್ಲಿ ಎಲ್ಲರೂ ಸಿಗುತ್ತಾರೆ, ಆದರೆ ಎಲ್ಲರೂ ಇರುವುದಕ್ಕಿಂತ ದೂರ ಇದ್ದ ಹಾಗೆ ಕಾಣುತ್ತಾರೆ. ನಮ್ಮ ಜಂಕ್ಷನ್‌ಗಳಲ್ಲಿ ಗಾಡಿ ಯಾವ ದಿಕ್ಕಿನಿಂದ ಬರುತ್ತದೆ ಅನ್ನುವುದೇ ದೊಡ್ಡ ಪ್ರಶ್ನೆ, ಹಾಗಾಗಿ ಸ್ವಲ್ಪ ಉಬ್ಬಿರುವುದು ವಾಸಿ. ಚಮಚದ ಹಾಗೆ ಉಬ್ಬಿರುವುದು ಬೇಡ, ಅದರಲ್ಲಿ ಹತ್ತು ಮೀಟರ್ ಹಿಂದಿನ ಲಾರಿಯೂ ಆಟಿಕೆ.

ಹಾಕಬೇಕಾದದ್ದು ಬಲಗಡೆಗೆ. ನಾವು ರಸ್ತೆಯ ಎಡಬದಿಯಲ್ಲಿ ಸಾಗುವವರು, ನಮ್ಮನ್ನು ದಾಟುವವರು ಬಲದಿಂದ ಬರುತ್ತಾರೆ. ಫುಟ್‌ಪಾತಿಗೂ ಸೈಕಲ್ಲಿಗೂ ನಡುವಿನ ಎರಡಡಿ ಜಾಗದಲ್ಲಿ ಎಡಗಡೆಯಿಂದ ತೂರಿ ಬರುವ ಸ್ಕೂಟರುಗಳು ನಿಮ್ಮ ದಾರಿಯಲ್ಲಿ ಜಾಸ್ತಿ ಇದ್ದರೆ ಎಡಗಡೆಗೂ ಒಂದು ಹಾಕಿಸಿ. ಆದರೆ ಒಂದೊಂದು ಕನ್ನಡಿಯೂ ಹ್ಯಾಂಡಲ್ಲಿನ ಅಗಲವನ್ನು ನಾಲ್ಕೈದು ಸೆಂ.ಮೀ. ಹೆಚ್ಚಿಸುತ್ತದೆ. ನಿಂತ ಕಾರುಗಳ ಸಾಲಿನಲ್ಲಿ ಮುಂದೆ ಸರಿಯುವಾಗ ಕಾರಿನ ಕನ್ನಡಿಗೆ ನಿಮ್ಮ ಕನ್ನಡಿ ತಗುಲಿ ಜಗಳ ಶುರುವಾಗುವುದು ಹೀಗೆಯೇ. ಮಡಚಲು ಬರುವುದನ್ನೇ ಕೊಳ್ಳಿ.

ಕೂರಿಸುವ ಕ್ರಮ ಸುಲಭ, ಆದರೂ ಅರ್ಧ ಜನ ಇಲ್ಲೇ ಎಡವುತ್ತಾರೆ. ಬಾರ್-ಎಂಡ್ ಕನ್ನಡಿಗಳು ಸಾಮಾನ್ಯವಾಗಿ 16ರಿಂದ 21 ಮಿ.ಮೀ. ಒಳವ್ಯಾಸದ ಪೈಪಿಗೆ ಕೂರುತ್ತವೆ, ಹಾಗಾಗಿ ಮೊದಲು ಹ್ಯಾಂಡಲ್ ಪೈಪಿನ ಒಳಗಿನ ಅಳತೆ ತೆಗೆದುಕೊಳ್ಳಿ. ಗ್ರಿಪ್‌ನ ತುದಿ ಮುಚ್ಚಿದ್ದರೆ ಕತ್ತರಿಸಬೇಕು. ಬ್ಲೇಡ್ ಹಿಡಿದು ಒದ್ದಾಡುವ ಬದಲು ಗ್ರಿಪ್ ಹ್ಯಾಂಡಲ್ಲಿನ ಮೇಲೇ ಇರಲಿ, ತುದಿಗೆ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ. ಒಳಗಿನ ಪೈಪಿನ ಅಂಚೇ ರಬ್ಬರನ್ನು ದುಂಡಗೆ ಕತ್ತರಿಸುತ್ತದೆ. ಆಮೇಲೆ ಕನ್ನಡಿಯ ಬುಡದ ಪ್ಲಗ್ ತೂರಿಸಿ ಅಲನ್ ಕೀಲಿಯಿಂದ (ಆರು ಮೂಲೆಯ ಕೀಲಿ) ಬಿಗಿ ಮಾಡಿ. ಪೈಪ್ ಸಡಿಲ ಅನ್ನಿಸಿದರೆ ಹಳೆ ಟ್ಯೂಬಿನ ತುಂಡು ಸುತ್ತಿ ಒಳಗೆ ಹಾಕಿ, ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಪುಕ್ಕಟೆಯಾಗಿಯೇ ಕೊಡುತ್ತಾರೆ. ಎರಡು ವಾರಕ್ಕೆ ಕನ್ನಡಿ ತಾನಾಗಿ ತಲೆ ತಗ್ಗಿಸಲು ಶುರು ಮಾಡಿದರೆ ತೊಂದರೆ ಗುಂಡಿನಂಥ ಕೀಲಿನಲ್ಲಿದೆ. ಅದನ್ನು ಬಿಗಿ ಮಾಡುವ ಸ್ಕ್ರೂ ಇಲ್ಲದ ಕನ್ನಡಿಗೆ ಬೇರೆ ಔಷಧವಿಲ್ಲ. ಕೊಳ್ಳುವಾಗಲೇ ಆ ಸ್ಕ್ರೂ ಇದೆಯೇ ನೋಡಿ.

ಹೊಂದಿಸುವಾಗ ಗಾಜಿನ ಒಳ ಅಂಚಿನಲ್ಲಿ ನಿಮ್ಮ ಮೊಣಕೈ ಸ್ವಲ್ಪ ಕಾಣಬೇಕು, ರಸ್ತೆ ಮತ್ತು ಆಕಾಶ ಸೇರುವ ಗೆರೆ ಗಾಜಿನ ನಡುವಿಗೆ ಬರಬೇಕು. ಯಾರನ್ನಾದರೂ ಹತ್ತು ಮೀಟರ್ ಹಿಂದೆ, ಒಂದೂವರೆ ಮೀಟರ್ ಬಲಕ್ಕೆ ನಿಲ್ಲಿಸಿ ನೋಡಿ. ಅವರು ಪೂರ್ತಿ ಕಂಡರೆ ಸರಿಯಾಗಿ ಕೂತಿದೆ.

ಕನ್ನಡಿಯ ಜೊತೆಗೆ ಖರ್ಚಿಲ್ಲದ ಇನ್ನೊಂದು ಕೆಲಸವಿದೆ, ಯಾವ ಅಂಗಡಿಯವರೂ ಅದನ್ನು ತಾವಾಗಿ ಹೇಳುವುದಿಲ್ಲ. ನಿಮ್ಮ ಸೈಕಲ್ಲಿನ ಎಡಗೈ ಲಿವರ್ ಯಾವ ಚಕ್ರದ ಬ್ರೇಕು? ಎಡ ಲಿವರ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿದರೆ ಗೊತ್ತಾಗುತ್ತದೆ. ಹೊರದೇಶದ ಪದ್ಧತಿಯಂತೆ ಜೋಡಿಸಿದ ಹಲವು ಗೇರ್ ಸೈಕಲ್‌ಗಳಲ್ಲಿ ಅದು ಮುಂದಿನ ಚಕ್ರದ್ದು. ಬಲಕ್ಕೆ ತಿರುಗಬೇಕು ಅಂದರೆ ಬಲಗೈ ಚಾಚಬೇಕು, ಆಗ ಹ್ಯಾಂಡಲ್ ಹಿಡಿದಿರುವುದು ಎಡಗೈ ಮಾತ್ರ. ಅಷ್ಟರಲ್ಲಿ ಮುಂದಿನ ಆಟೋ ನಿಂತಿತು, ನೀವು ಎಡ ಲಿವರ್ ಒತ್ತಿದಿರಿ. ಒಂದೇ ಕೈಯಲ್ಲಿ, ಮುಂದಿನ ಚಕ್ರದ ಬ್ರೇಕು. ಹ್ಯಾಂಡಲ್ ಅಡ್ಡ ತಿರುಗುತ್ತದೆ, ಇಲ್ಲವೇ ಮೈಯ ಭಾರವೆಲ್ಲ ಮುಂದಕ್ಕೆ ಬಂದು ಬೀಳುತ್ತೀರಿ. ಎಡಕ್ಕೆ ಚಲಿಸುವ ದೇಶದಲ್ಲಿ ಎಡ ಲಿವರ್ ಹಿಂದಿನ ಚಕ್ರಕ್ಕೆ ಇರಬೇಕಾದ ಕಾರಣ ಇದು. ವೈರ್ ಬ್ರೇಕ್ ಆದರೆ ಲಿವರ್‌ಗೆ ವೈರ್ ಸೇರುವ ಕಡೆಯ ತಿರುಪುಗಳಲ್ಲಿರುವ ಸೀಳುಗಳನ್ನು ಒಂದೇ ಗೆರೆಗೆ ತಂದು ವೈರನ್ನು ಬಿಡಿಸಿ ಅದಲು ಬದಲು ಮಾಡಬಹುದು. ಹೊರ ಕವಚ ಉದ್ದ ಸಾಲದೆ ಹ್ಯಾಂಡಲ್ ತಿರುಗಿಸುವಾಗ ಎಳೆದುಕೊಳ್ಳುತ್ತಿದ್ದರೆ ಕವಚವನ್ನೂ ಹೊಸದು ಹಾಕಿಸಬೇಕು. ಎಣ್ಣೆ ತುಂಬಿದ ಡಿಸ್ಕ್ ಬ್ರೇಕ್ ಆದರೆ ಒಳಗೆ ಗಾಳಿ ಸೇರದಂತೆ ಮಾಡಬೇಕಾದ ಕೆಲಸ ಇರುತ್ತದೆ, ಗೊತ್ತಿರುವ ಮೆಕ್ಯಾನಿಕ್ ಕೈಗೇ ಕೊಡಿ. ಹಳೆ ರಾಡ್ ಬ್ರೇಕಿನ ಸೈಕಲ್ಲಿನಲ್ಲಿ ಅದಲು ಬದಲು ಮಾಡುವ ದಾರಿಯಿಲ್ಲ. ಹೊಸ ಜೋಡಣೆ ಆದ ಮೇಲೆ ಖಾಲಿ ರಸ್ತೆಯಲ್ಲಿ ಕೈಗೆ ರೂಢಿ ಆಗುವವರೆಗೆ ಓಡಿಸಿ, ಆಮೇಲೆ ಸಿಗ್ನಲ್ ಕಡೆ ಹೋಗಿ.

ಈಗ ಇಂಡಿಕೇಟರ್ ಲೈಟಿನ ವಿಷಯ. ಸೀಟಿನ ಕೆಳಗೆ ಕೂರುವ, ಹ್ಯಾಂಡಲ್ ಮೇಲಿನ ಬಟನ್ ಒತ್ತಿದರೆ ಎಡ ಬಲ ಬಾಣ ಮಿನುಗುವ ಲೈಟು ನೋಡಲು ಬುದ್ಧಿವಂತರ ಸಾಮಾನಿನ ಹಾಗಿದೆ. ಕೊಳ್ಳಬೇಡಿ. ಎರಡು ಬಾಣಗಳ ನಡುವೆ ಇರುವುದು ಕೆಲವೇ ಸೆಂ.ಮೀ., ಇಪ್ಪತ್ತು ಮೀಟರ್ ಹಿಂದಿನಿಂದ ಯಾವ ಕಡೆಯದು ಮಿನುಗುತ್ತಿದೆ ಅನ್ನುವುದು ತಿಳಿಯುವುದಿಲ್ಲ. ತಿರುಗಿದ ಮೇಲೆ ಆಫ್ ಮಾಡಲು ಮರೆತರೆ ಮುಂದಿನ ಸಿಗ್ನಲ್‌ವರೆಗೂ ಸುಳ್ಳು ಹೇಳುತ್ತಾ ಹೋಗುತ್ತೀರಿ. ಬಟನ್ನಿನ ಸಣ್ಣ ಸೆಲ್ ಮುಗಿದದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಇದೇ ಲೈಟಿನಲ್ಲಿ ರಸ್ತೆ ಮೇಲೆ ಎರಡು ಕೆಂಪು ಗೆರೆ ಬಿಡುವ ಲೇಸರ್ ಕೂಡ ಇರುತ್ತದೆ, ಬೀದಿದೀಪದ ಬೆಳಕಿನಲ್ಲಿ ಆ ಗೆರೆ ಕಾಣುವುದೇ ಇಲ್ಲ. ನಿಮ್ಮ ತೋಳು ಎರಡಡಿ ಉದ್ದ ಇದೆ, ಚಾರ್ಜ್ ಬೇಡ. ಮೂರು ಸೆಕೆಂಡು ಪೂರ್ತಿ ಚಾಚಿ, ಅಂಗೈ ಬಿಚ್ಚಿರಲಿ, ತಿರುಗುವ ಮೊದಲು ಎರಡೂ ಕೈ ಹ್ಯಾಂಡಲ್ಲಿಗೆ ಬರಲಿ. ಎಡಕ್ಕೆ ಹೋಗುವಾಗ ಎಡಗೈಯನ್ನೇ ಚಾಚಿ. ಬಲಗೈಯನ್ನು ವೃತ್ತಾಕಾರವಾಗಿ ತಿರುಗಿಸಿ ಎಡ ತೋರಿಸುವ ಹಳೆ ಸನ್ನೆ ಬಲಗಡೆ ಕಿಟಕಿಯ ಪಕ್ಕ ಕೂತ ಕಾರಿನವರಿಗೆ ಆದದ್ದು. ಸೈಕಲ್ ಮೇಲೆ ಅದನ್ನು ಮಾಡಿದರೆ ಹಿಂದಿನವರು ‘ಮುಂದೆ ಹೋಗಿ’ ಅಂದುಕೊಳ್ಳುತ್ತಾರೆ.

ರಾತ್ರಿ ಕೈ ಕಾಣುವುದಿಲ್ಲ ಅನ್ನುವುದು ನಿಜ. ಅದಕ್ಕೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಿ. ಕಡಿಮೆ ದುಡ್ಡಿಗೆ ಸಿಗುವ ಸಾಮಾನುಗಳಲ್ಲಿ ಇಷ್ಟು ಉಪಕಾರಿ ಬೇರೆ ಇಲ್ಲ. ಇನ್ನೊಂದು ಜೋಡಿ ಕಣಕಾಲಿಗೆ. ಪೆಡಲ್ ತುಳಿಯುವಾಗ ಮೇಲೆ ಕೆಳಗೆ ಆಡುವ ಹೊಳಪು ಕಂಡರೆ ಸೈಕಲ್ ಎಂದು ಡ್ರೈವರ್‌ಗೆ ತಟ್ಟನೆ ಗೊತ್ತಾಗುತ್ತದೆ, ಬೆನ್ನಿನ ಮೇಲಿನ ಅಲುಗದ ಜಾಕೆಟ್‌ಗಿಂತ ಬೇಗ. ಪ್ಯಾಂಟ್ ಚೈನಿಗೆ ಸಿಕ್ಕಿಕೊಳ್ಳದಂತೆಯೂ ಆಗುತ್ತದೆ.

ಹಿಂದಿನ ಲೈಟು ಎರಡನೆಯ ಖರ್ಚು. 20ರಿಂದ 50 ಲ್ಯೂಮೆನ್ (ದೀಪ ಕೊಡುವ ಬೆಳಕಿನ ಅಳತೆ) ಇದ್ದರೆ ರಾತ್ರಿಯ ನಗರಕ್ಕೆ ಸಾಕು. ಹಗಲಲ್ಲೂ ಉರಿಸುವ ಇರಾದೆ ಇದ್ದರೆ 100ರ ಹತ್ತಿರ ಇರಲಿ. ಪ್ಯಾಕೆಟ್ ಮೇಲೆ ‘20 ಗಂಟೆ’ ಎಂದು ಬರೆದಿರುವುದು ಅತಿ ಮಂದವಾದ ಮಿನುಗಿನ ಲೆಕ್ಕ, ಸ್ಥಿರವಾಗಿ ಉರಿಸಿದರೆ ಎಷ್ಟು ಅನ್ನುವುದನ್ನು ಸಣ್ಣ ಅಕ್ಷರದಲ್ಲಿ ಹುಡುಕಬೇಕು. ರಾತ್ರಿ ಸಿಗ್ನಲ್ ಹತ್ತಿರ ಸ್ಥಿರ ಬೆಳಕೇ ಒಳ್ಳೆಯದು. ಮಿನುಗುವ ದೀಪ ಗಮನ ಸೆಳೆಯುತ್ತದೆ, ಆದರೆ ಅದು ಎಷ್ಟು ದೂರದಲ್ಲಿದೆ ಅನ್ನುವುದು ಹಿಂದಿನವರಿಗೆ ಅಂದಾಜಿಗೆ ಸಿಗುವುದಿಲ್ಲ. ಹಗಲಿಗೆ ಮಿನುಗು ಇರಲಿ.

ಸೀಟ್ ಪೈಪಿಗೆ ಕಟ್ಟಿದ ಲೈಟು ಉದ್ದನೆಯ ಕುರ್ತಾ, ರೇನ್‌ಕೋಟ್, ಸೀಟಿನ ಕೆಳಗಿನ ಚೀಲ ಇವುಗಳ ಹಿಂದೆ ಮರೆಯಾಗುತ್ತದೆ. ಸೈಕಲ್ ಹತ್ತಿ ಕೂತು, ಬೇರೆಯವರ ಕೈಯಲ್ಲಿ ಹಿಂದಿನಿಂದ ಫೋಟೋ ತೆಗೆಸಿ ನೋಡಿ. ಕ್ಯಾರಿಯರ್ ಇದ್ದರೆ ಅದರ ಹಿಂಬದಿಗೆ ಹಾಕುವುದು ಲೇಸು. ಅದಕ್ಕೆಂದೇ ಮಾಡಿದ ಲೈಟುಗಳ ಬೋಲ್ಟುಗಳ ಅಂತರ 50 ಅಥವಾ 80 ಮಿ.ಮೀ. ಇರುತ್ತದೆ, ನಿಮ್ಮ ಕ್ಯಾರಿಯರ್‌ನ ತೂತುಗಳನ್ನು ಅಳೆದುಕೊಂಡೇ ಅಂಗಡಿಗೆ ಹೋಗಿ. ಊರಿನ ಸಾದಾ ಸೈಕಲ್ಲಿನ ಕ್ಯಾರಿಯರ್‌ನಲ್ಲಿ ತೂತೇ ಇಲ್ಲದಿರಬಹುದು, ಆಗ ಮಡ್‌ಗಾರ್ಡ್ ಮೇಲೆ ಕೊರೆಸುವುದು ಹತ್ತು ನಿಮಿಷದ ಕೆಲಸ. ರಬ್ಬರ್ ಪಟ್ಟಿಯಿಂದ ಕಟ್ಟುವ ಲೈಟಾದರೆ ಬಿಸಿಲಿಗೆ ಪಟ್ಟಿ ಸೀಳುತ್ತದೆ, ಬಿಡಿ ಪಟ್ಟಿ ಸಿಗುತ್ತದೆಯೇ ಕೇಳಿ. ನೀರನ್ನು ಎಷ್ಟು ತಡೆಯುತ್ತದೆ ಅನ್ನುವುದನ್ನು ಐಪಿಎಕ್ಸ್ ಅಂಕಿ ಹೇಳುತ್ತದೆ. ಮಳೆಗಾಲಕ್ಕೆ ಐಪಿಎಕ್ಸ್4 ಎಂದರೆ ಎರಚಲು ತಡೆಯುತ್ತದೆ ಅಷ್ಟೆ. ಹಿಂದಿನ ಚಕ್ರದ ಕೆಸರುನೀರು ನೇರ ಹೊಡೆಯುವ ಜಾಗದಲ್ಲಿದ್ದರೆ ಐಪಿಎಕ್ಸ್6 ನೋಡಿ, ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಕಿತ್ತುಬರದ ಹಾಗಿದೆಯೇ ಪರೀಕ್ಷಿಸಿ. ಹೆಚ್ಚಿನ ಲೈಟುಗಳು ಸಾಯುವುದು ಆ ಮುಚ್ಚಳ ಹೋದ ಮೇಲೆ.

ಟೈರಿಗೆ ಉಜ್ಜಿಕೊಂಡು ತಿರುಗುವ 6 ವೋಲ್ಟ್ ಡೈನಮೋ ಈಗಲೂ ಕೆಲವು ಸೈಕಲ್‌ಗಳಲ್ಲಿದೆ. ಬ್ಯಾಟರಿಯ ರಗಳೆ ಇಲ್ಲ, ಸೊಗಸಾದ ಯಂತ್ರ. ಆದರೆ ಚಕ್ರ ನಿಂತರೆ ದೀಪ ಆರುತ್ತದೆ. ಸಿಗ್ನಲ್‌ನಲ್ಲಿ, ಹಿಂದಿನಿಂದ ಗಾಡಿಗಳು ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ ಕತ್ತಲು. ಅದನ್ನೇ ಇಟ್ಟುಕೊಳ್ಳುವವರು ಹಿಂದಕ್ಕೆ ಬ್ಯಾಟರಿಯ ಲೈಟು ಒಂದನ್ನು ಬೇರೆ ಹಾಕಿಸಿ.

ಮುಂದಿನ ಲೈಟಿನಲ್ಲಿ ಜನ ಕಡಿಮೆ ಕೊಂಡು ಕೆಡುವುದಕ್ಕಿಂತ ಹೆಚ್ಚು ಕೊಂಡು ಕೆಡುತ್ತಾರೆ. 200ರಿಂದ 400 ಲ್ಯೂಮೆನ್ ನಗರಕ್ಕೆ ಧಾರಾಳ. ಸಾವಿರದ್ದನ್ನು ನೇರಕ್ಕೆ ಹಿಡಿದರೆ ಎದುರಿನಿಂದ ಬಲಕ್ಕೆ ತಿರುಗಲು ಕಾದಿರುವ ಡ್ರೈವರ್‌ಗೆ ಕಣ್ಣು ಕೋರೈಸುತ್ತದೆ, ನಿಮಗೆ ದಾರಿ ಬಿಡಬೇಕಾದವನು ಅವನೇ. ಬೆಳಕಿನ ನಡುಭಾಗ ಐದಾರು ಮೀಟರ್ ಮುಂದೆ ನೆಲಕ್ಕೆ ಬೀಳುವಂತೆ ಬಾಗಿಸಿ. ಕಾರಿನ ಹೆಡ್‌ಲೈಟಿನ ಹಾಗೆ ಮೇಲ್ಭಾಗದ ಬೆಳಕನ್ನು ಕತ್ತರಿಸುವ ಗಾಜಿನವು ಸಿಗುತ್ತವೆ, ಬೆಲೆ ಹೆಚ್ಚಾದರೂ ಒಪ್ಪಬಹುದು. ಬಿಳಿ ದೀಪ ಮುಂದಕ್ಕೆ, ಕೆಂಪು ಹಿಂದಕ್ಕೆ. ಬೆನ್ನಿನ ಚೀಲಕ್ಕೆ ಬಿಳಿ ಮಿನುಗು ಸಿಕ್ಕಿಸಿಕೊಂಡವರನ್ನು ಹಿಂದಿನವರು ಎದುರು ಬರುತ್ತಿರುವ ಗಾಡಿ ಎಂದುಕೊಳ್ಳಬಹುದು.

ಇಷ್ಟೆಲ್ಲ ಹಾಕಿಸಿ ನಿಲ್ಲುವ ಜಾಗ ತಪ್ಪಿದರೆ ಪ್ರಯೋಜನವಿಲ್ಲ. ಬಸ್ಸು, ಲಾರಿ, ನೀರಿನ ಟ್ಯಾಂಕರುಗಳ ಎಡಪಕ್ಕಕ್ಕೆ ನಿಲ್ಲಬೇಡಿ. ಬಾಗಿಲಿನ ಮುಂದೆ, ಎಡ ಮೂಲೆಯ ಕೆಳಗೆ ಇರುವ ಸೈಕಲ್ ಡ್ರೈವರ್‌ಗೆ ಕಾಣುವುದಿಲ್ಲ. ಎಡಕ್ಕೆ ತಿರುಗುವಾಗ ಉದ್ದನೆಯ ಗಾಡಿಯ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರದೆ ಒಳಗೆ ಕತ್ತರಿಸಿಕೊಂಡು ಬರುತ್ತದೆ, ಮುಂಭಾಗ ನಿಮ್ಮನ್ನು ದಾಟಿದ ಮೇಲೂ ಅಪಾಯ ಮುಗಿದಿರುವುದಿಲ್ಲ. ಅದರ ಹಿಂದೆಯೇ ನಿಲ್ಲಿ, ಹೊಗೆ ಕುಡಿದರೂ ಸರಿ. ನೇರ ಹೋಗುವವರು ಫ್ರೀ ಲೆಫ್ಟ್ ಲೇನಿನಲ್ಲಿ ನಿಂತು ದಾರಿ ಅಡ್ಡ ಹಾಕುವುದು ನಮ್ಮ ಕಡೆಯಿಂದ ಆಗುವ ದೊಡ್ಡ ಅಸಭ್ಯತೆ. ಹಾರ್ನ್ ಹೊಡೆಯುವವರ ಮೇಲೆ ರೇಗುವ ಮೊದಲು ಕಾಲಕೆಳಗಿನ ಬಾಣ ನೋಡಿ. ಆ ಲೇನಿನ ಬಲಕ್ಕೆ, ನೇರ ಹೋಗುವ ಲೇನಿನ ನಡುವೆ ನಿಂತರೆ ಎಡಕ್ಕೆ ಹೋಗುವವರಿಗೂ ದಾರಿ, ನಿಮ್ಮನ್ನು ಅಡ್ಡ ಕತ್ತರಿಸುವವರೂ ಇಲ್ಲ. ಜಂಕ್ಷನ್ ದಾಟಿದ ಮೇಲೆ ಎಡಕ್ಕೆ ಸರಿಯಿರಿ. ಜೀಬ್ರಾ ಪಟ್ಟೆ ನಡೆಯುವವರದ್ದು, ಸೈಕಲ್ ಹಗುರ ಅನ್ನುವ ಕಾರಣಕ್ಕೆ ಮುಂದಿನ ಚಕ್ರ ಅದರ ಮೇಲೆ ಇರಬೇಕಾಗಿಲ್ಲ.

ನಿಲ್ಲುವ ಮೊದಲೇ ಗೇರ್ ಇಳಿಸಿ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಗೇರ್ ನಿಂತ ಮೇಲೆ ಬದಲಾಗುವುದಿಲ್ಲ. ಬಲ ಪೆಡಲನ್ನು ಗಡಿಯಾರದ ಎರಡು ಗಂಟೆಯ ಜಾಗಕ್ಕೆ ತಂದು ಕಾಯಿರಿ, ಹಸಿರು ಬಿದ್ದಾಗ ಒಂದೇ ತುಳಿತಕ್ಕೆ ಓಲಾಡದೆ ಹೊರಡಬಹುದು. ಇನ್ನು ಹಸಿರಿನ ಕೊನೆಯ ಸೆಕೆಂಡಿನಲ್ಲಿ ನುಗ್ಗುವ ಲೆಕ್ಕ: 30 ಮೀಟರ್ ಅಗಲದ ಜಂಕ್ಷನ್ ದಾಟಲು ಗಂಟೆಗೆ 12 ಕಿ.ಮೀ. ವೇಗದಲ್ಲಿ 9 ಸೆಕೆಂಡು ಬೇಕು. ಹಳದಿ ಇರುವುದು ಮೂರ್ನಾಲ್ಕು ಸೆಕೆಂಡು. ಕಾರಿಗೆ ಸರಿಹೋಗುವ ಲೆಕ್ಕ ಸೈಕಲ್ಲಿಗೆ ಹೋಗುವುದಿಲ್ಲ.

ಹೆಬ್ಬಾಳ, ಸಿಲ್ಕ್ ಬೋರ್ಡ್ ಥರದ ಕಡೆ ಬಲಕ್ಕೆ ತಿರುಗಲು ನಾಲ್ಕು ಲೇನ್ ದಾಟುವ ಸಾಹಸ ಯಾರಿಗೂ ಬೇಡ. ಸಿಗ್ನಲ್ ಇರುವ ಯಾವ ದೊಡ್ಡ ಕೂಡುರಸ್ತೆಯಲ್ಲೂ ಎಡದಲ್ಲೇ ನೇರ ದಾಟಿ, ಆಚೆ ಮೂಲೆಯಲ್ಲಿ ನಿಂತು ಸೈಕಲ್ ಬಲಕ್ಕೆ ತಿರುಗಿಸಿ, ಆ ರಸ್ತೆಯ ಹಸಿರಿಗೆ ಹೊರಡಬಹುದು. ಮೈಸೂರಿನ ವೃತ್ತಗಳದ್ದು ಬೇರೆಯೇ ಲೆಕ್ಕ. ವೃತ್ತದೊಳಗೆ ಆಗಲೇ ಇರುವ ಗಾಡಿಗೆ, ಅಂದರೆ ಬಲದಿಂದ ಬರುವವರಿಗೆ, ಮೊದಲ ಹಕ್ಕು. ಒಳಗೆ ಹೋದ ಮೇಲೆ ಅಂಚಿಗೆ ಅಂಟಿಕೊಂಡು ಸುತ್ತಿದರೆ ಹೊರಗೆ ಹೋಗುವ ಕಾರುಗಳು ನಿಮ್ಮ ಮುಂದೆಯೇ ಅಡ್ಡ ತಿರುಗುತ್ತವೆ. ಲೇನಿನ ನಡುವೆ ಇದ್ದು, ನಿಮ್ಮ ರಸ್ತೆ ಬರುವ ಮೊದಲು ಎಡಗೈ ತೋರಿಸಿ ಹೊರಬನ್ನಿ.

ಬೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎ.ಸಿ. ಹಾಕಿ ಕಿಟಕಿ ಏರಿಸಿದ ಕಾರಿನೊಳಗೆ ಯಾವ ಬೆಲ್ಲೂ ಕೇಳಿಸುವುದಿಲ್ಲ, ಅದು ನಡೆಯುವವರಿಗೆ. ಹಿತ್ತಾಳೆ ಬಟ್ಟಲಿನದ್ದು ನಾದ ಉದ್ದ, ಉಕ್ಕಿನದ್ದು ಗಟ್ಟಿಮುಟ್ಟು. ತುಕ್ಕು ಹಿಡಿಯುವುದು ಒಳಗಿನ ಹಲ್ಲುಚಕ್ರ ಮತ್ತು ಸ್ಪ್ರಿಂಗ್, ಮಳೆಗಾಲದ ಮೊದಲು ಅಲ್ಲಿಗೆ ಒಂದು ಹನಿ ಎಣ್ಣೆ ಬಿಡಿ. ಬಟ್ಟಲಿಗೆ ಎಣ್ಣೆ ಬಿದ್ದರೆ ಧೂಳು ಅಂಟಿ ದನಿ ಸಾಯುತ್ತದೆ. ಹೆಬ್ಬೆರಳು ತಲುಪುವಲ್ಲಿ, ಉಳಿದ ಬೆರಳು ಬ್ರೇಕಿನ ಮೇಲೇ ಇರುವ ಹಾಗೆ ಕೂರಿಸಿ. ಬ್ಯಾಟರಿಯ ಹಾರ್ನ್ ಬೇಡ. ಕಾರಿನವರು ಅದನ್ನು ಸ್ಕೂಟರ್ ಎಂದುಕೊಂಡು ಆ ವೇಗದ ಲೆಕ್ಕ ಹಾಕುತ್ತಾರೆ, ಜೀಬ್ರಾ ಮೇಲಿನ ಅಜ್ಜಿ ಬೆಚ್ಚಿ ನಿಂತುಬಿಡುತ್ತಾರೆ.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ. ಕನ್ನಡಿಯ ಕೀಲನ್ನು ಹತ್ತು ಸಲ ಆಡಿಸಿ, ಆಮೇಲೂ ಬಿಗಿ ಇದೆಯೇ ನೋಡಿ. ಲೈಟನ್ನು ಉರಿಸಿ ಕೈಯಲ್ಲಿ ಜೋರಾಗಿ ಅಲುಗಾಡಿಸಿ, ಒಳಗೆ ಸಡಿಲ ಇದ್ದರೆ ಆರಿಹೋಗುತ್ತದೆ ಅಥವಾ ಮಿನುಗು ಬದಲಾಗುತ್ತದೆ. ಬೆಲ್ಲಿನ ಕ್ಲ್ಯಾಂಪ್ ನಿಮ್ಮ ಹ್ಯಾಂಡಲ್ಲಿಗೆ ಸರಿಯೇ ಕೇಳಿ: ಗ್ರಿಪ್ ಹತ್ತಿರ ಪೈಪ್ 22.2 ಮಿ.ಮೀ. ಇರುತ್ತದೆ, ಈಗಿನ ಹಲವು ಗೇರ್ ಸೈಕಲ್‌ಗಳಲ್ಲಿ ನಡುವೆ 31.8. ಒಂದು ಕಡೆಗೆ ಮಾಡಿದ್ದು ಇನ್ನೊಂದು ಕಡೆ ಕೂರುವುದಿಲ್ಲ, ಬಿಚ್ಚಿ ತಂದ ಸಾಮಾನನ್ನು ಎಷ್ಟೋ ಅಂಗಡಿಗಳು ವಾಪಸ್ ತೆಗೆದುಕೊಳ್ಳುವುದೂ ಇಲ್ಲ.